ಲ್ಯಾಬ್ರಡೂಡಲ್ ತರುವ ಮುನ್ನ: ಒಬ್ಬ ಜೀವಶಾಸ್ತ್ರದ ಮೇಷ್ಟರ ತಪ್ಪೊಪ್ಪಿಗೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆ ಬಂದಿತ್ತು. ಹತ್ತನೆಯ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತು, ಪಾಠದ ನಡುವೆ ಕಿಟಕಿಯಾಚೆಯ ಹಲಸಿನ ಮರವನ್ನೇ ನೋಡುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಎಂಟು ವರ್ಷದ ಮಗನಿದ್ದಾನೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಹೀಗೆ ಬರೆದಿದ್ದ: "ಸರ್, ಮಗ ನಾಯಿಮರಿ ಬೇಕೆಂದು ಒಂದು ವರ್ಷದಿಂದ ಹಟ ಹಿಡಿದಿದ್ದಾನೆ. ಆದರೆ ಅವನಿಗೆ ಧೂಳಾದರೆ ಉಬ್ಬಸ. ಲ್ಯಾಬ್ರಡೂಡಲ್ ಎಂಬ ಜಾತಿಯ ನಾಯಿಯಿಂದ ಅಲರ್ಜಿ ಆಗುವುದೇ ಇಲ್ಲವೆಂದು ಮಾರುವವರು ಹೇಳುತ್ತಾರೆ. ನೀವು ನಮಗೆ ಜೀವಶಾಸ್ತ್ರ ಹೇಳಿಕೊಟ್ಟವರು. ನೀವು ಹೂಂ ಎಂದರೆ ತಂದುಬಿಡುತ್ತೇನೆ."

ಈ ಕೊನೆಯ ವಾಕ್ಯವನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಏಕೆಂದರೆ ಇದೇ ಮಾತನ್ನು 2022ರಲ್ಲಿ ನನ್ನ ಮಗಳು ನನಗೆ ಹೇಳಿದ್ದಳು. ಆಗ ನಾನು ಹೂಂ ಎಂದಿದ್ದೆ.

ಆ ಹುಡುಗನಿಗೆ ಉತ್ತರವನ್ನು ಅಂದೇ ಬರೆದೆನಾದರೂ ಅದು ಒಬ್ಬನಿಗೆ ಮಾತ್ರ ಹೇಳಿ ಮುಗಿಸುವ ವಿಷಯವಲ್ಲವೆನಿಸಿತು. ನಿಮ್ಮಲ್ಲಿ ಅನೇಕರು ಈಗ ತಂದೆ ತಾಯಿಯರಾಗಿದ್ದೀರಿ. ಬೆಂಗಳೂರು, ಪುಣೆ, ಸಿಡ್ನಿ, ನ್ಯೂಜೆರ್ಸಿ ಎಂದು ಹರಡಿಕೊಂಡಿದ್ದೀರಿ. ನಿಮ್ಮ ಮಕ್ಕಳೂ ಗುಂಗುರು ಕೂದಲಿನ ಮರಿಯೊಂದರ ಚಿತ್ರವನ್ನು ತೋರಿಸಿ ನಿಮ್ಮನ್ನು ಕಾಡುತ್ತಿರಬಹುದು. ಆದ್ದರಿಂದ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ನಾಯಿಜ್ಞಾನ ಎಷ್ಟೆಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಮಲೆನಾಡಿನ ಮನೆಯಲ್ಲಿ ನಾಯಿ ಎಂದೂ ಹೊಸ್ತಿಲು ದಾಟಿ ಒಳಗೆ ಬಂದುದಿಲ್ಲ. ಕರಿಯನೆಂಬುದು ಅದರ ಹೆಸರು. ಒಂದು ಕರಿಯ ಸತ್ತರೆ ಮುಂದಿನದಕ್ಕೂ ಕರಿಯನೆಂದೇ ಹೆಸರು. ಜಗಲಿಯ ಕೆಳಗೆ ಮಲಗುವುದು, ತೋಟಕ್ಕೆ ಮಂಗ ಬಂದರೆ ಬೊಗಳುವುದು, ಉಳಿದ ಅನ್ನ ತಿನ್ನುವುದು. ಅದಕ್ಕೆ ಬಾಚಣಿಗೆ ಇರಲಿಲ್ಲ, ವೈದ್ಯರಿರಲಿಲ್ಲ. ಉಣುಗು ಹತ್ತಿದರೆ ನಮ್ಮ ಅಜ್ಜ ಬೆರಳಿನಿಂದಲೇ ಕೀಳುತ್ತಿದ್ದರು. ಅದು ಸರಿಯಾದ ಸಾಕಣೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಕರಿಯಂದಿರು ಅಕಾಲದಲ್ಲಿ ಸತ್ತವು. ನಾಯಿಯೆಂದರೆ ನನಗೆ ತಿಳಿದಿದ್ದುದು ಅಷ್ಟೇ ಎಂಬುದನ್ನು ತಿಳಿಸಲು ಇದನ್ನು ಹೇಳಿದೆ.

ಇಂಥ ನಾನು 2022ರ ಮೇ ತಿಂಗಳಿನಲ್ಲಿ ನನ್ನಾಕೆಯೊಡನೆ ಮೆಲ್ಬರ್ನ್‌ಗೆ, ಮಗಳ ಮನೆಗೆ ಹೋದೆ. ಅಲ್ಲಿ ಆಗ ಚಳಿಗಾಲದ ಆರಂಭ. ಮೊಮ್ಮಗಳಿಗೆ ಒಂಬತ್ತು ವರ್ಷ. ಅಳಿಯಂದಿರಿಗೆ ಬಾಲ್ಯದಿಂದಲೂ ಬೆಕ್ಕು ನಾಯಿಗಳ ಬಳಿ ಹೋದರೆ ಕಣ್ಣು ಕೆಂಪಾಗಿ ಸೀನು ಬರುವುದು, ಒಮ್ಮೊಮ್ಮೆ ಉಬ್ಬಸ. ಮೊಮ್ಮಗಳ ಸಹಪಾಠಿಯ ಮನೆಯಲ್ಲಿ ಲ್ಯಾಬ್ರಡೂಡಲ್ ಇತ್ತು. ಲ್ಯಾಬ್ರಡಾರ್ ಮತ್ತು ಪೂಡಲ್ ಎಂಬ ಎರಡು ತಳಿಗಳ ಮಿಶ್ರಣ ಅದು. "ಅದರ ಕೂದಲು ಉದುರುವುದಿಲ್ಲ; ಆದ್ದರಿಂದ ಅಲರ್ಜಿಯೂ ಇಲ್ಲ" ಎಂಬುದು ಆ ಮನೆಯವರ ಮಾತು. ಮಗಳು ನನ್ನನ್ನು ಕೇಳಿದಳು: "ಅಪ್ಪಾ, ನೀವು ಹೇಳಿ. ಇದು ನಿಜವೇ? ನಿಮ್ಮ ಮಾತಿನ ಮೇಲೆ ನಿರ್ಧರಿಸುತ್ತೇವೆ."

ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಒಂದು ದುರಭ್ಯಾಸ ಅಂಟಿಕೊಂಡಿರುತ್ತದೆ. ಯಾರಾದರೂ ಪ್ರಶ್ನೆ ಕೇಳಿದರೆ 'ಗೊತ್ತಿಲ್ಲ, ನೋಡಿ ಹೇಳುತ್ತೇನೆ' ಎನ್ನಲು ನಾಲಗೆ ಏಳುವುದಿಲ್ಲ. ನಾನು ಊಟದ ಮೇಜಿನ ಮೇಲೆಯೇ ಕಾಗದ ತೆಗೆದು ಮೆಂಡೆಲ್‌ನ ಚೌಕಟ್ಟನ್ನು ಬರೆದೆ. ಪೂಡಲ್‌ನ ಕೂದಲಿನ ಗುಣ ಪ್ರಬಲ, ಲ್ಯಾಬ್ರಡಾರ್‌ನದು ದುರ್ಬಲ, ಆದ್ದರಿಂದ ಮೊದಲ ಪೀಳಿಗೆಯ ಮರಿಗಳೆಲ್ಲ ಉದುರದ ಕೂದಲಿನವೇ ಎಂದು ವಿವರಿಸಿ, "ಧೈರ್ಯವಾಗಿ ತನ್ನಿ" ಎಂದೆ. ಅಳಿಯಂದಿರು ನಕ್ಕು, "ಮಾವನವರೇ ಸಹಿ ಹಾಕಿದ ಮೇಲೆ ಇನ್ನೇನು" ಎಂದರು. ಮೊಮ್ಮಗಳು ನನ್ನ ಕೊರಳಿಗೆ ಜೋತುಬಿದ್ದಳು.

ಅಂದು ನಾನು ಓದಬೇಕಾಗಿದ್ದು, ಆದರೆ ಓದದೇ ಹೋದುದು ಏನೆಂಬುದನ್ನು ಈಗ ಹೇಳುತ್ತೇನೆ. ತಮಾಷೆಯೆಂದರೆ ಈ ನಾಯಿಯ ಕಥೆ ಆರಂಭವಾದುದು ನಾನು ಕುಳಿತಿದ್ದ ಆ ವಿಕ್ಟೋರಿಯಾ ರಾಜ್ಯದಲ್ಲೇ!

1980ರ ದಶಕದ ಕೊನೆಯಲ್ಲಿ ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರು ತಮಗೊಂದು ಮಾರ್ಗದರ್ಶಿ ನಾಯಿ ಬೇಕೆಂದು ಆಸ್ಟ್ರೇಲಿಯಾದ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಗೆ ಬರೆದರು. ಆದರೆ ಅವರ ಪತಿಗೆ ನಾಯಿಯ ಅಲರ್ಜಿ. ಆ ಸಂಸ್ಥೆಯಲ್ಲಿ ಮರಿಗಳ ಸಂತಾನಾಭಿವೃದ್ಧಿಯ ಹೊಣೆ ಹೊತ್ತಿದ್ದವರು ವಾಲಿ ಕಾನ್ರನ್. ಕೂದಲು ಹೆಚ್ಚು ಉದುರದ ಪೂಡಲ್‌ಗಳನ್ನೇ ಅವರು ಮೊದಲು ಪರೀಕ್ಷಿಸಿದರು. ಒಂದರ ಮೇಲೊಂದರಂತೆ ನೋಡಿದರೂ ಯಾವುದೂ ಅಂಧರಿಗೆ ದಾರಿ ತೋರಿಸುವ ಕೆಲಸಕ್ಕೆ ಹೊಂದಲಿಲ್ಲ. ಕೊನೆಗೆ 1989ರಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್‌ಗಳನ್ನು ಕೂಡಿಸಿದರು. ಮೂರು ಮರಿಗಳು ಹುಟ್ಟಿದವು. ಮೂರರ ಕೂದಲು ಮತ್ತು ಜೊಲ್ಲಿನ ಮಾದರಿಯನ್ನೂ ಹವಾಯಿಗೆ ಕಳುಹಿಸಿ ಆ ಪತಿಯ ಮೇಲೆ ಪರೀಕ್ಷಿಸಲಾಯಿತು. ಅವರಿಗೆ ತೊಂದರೆ ಕೊಡದಿದ್ದುದು ಒಂದೇ ಒಂದು ಮರಿ. ಅದರ ಹೆಸರು ಸುಲ್ತಾನ್. ಅದು ತರಬೇತಿ ಪಡೆದು ಆ ಮಹಿಳೆಯ ಬಳಿಗೆ ಹೋಯಿತು.

ಗಮನಿಸಿ: ಒಂದೇ ತಾಯಿ, ಒಂದೇ ತಂದೆ, ಒಂದೇ ಸೂಲು. ಮೂರರಲ್ಲಿ ಹೊಂದಿದ್ದು ಒಂದು. ಅದೂ ಒಬ್ಬ ನಿರ್ದಿಷ್ಟ ವ್ಯಕ್ತಿಗೆ. ಈ ತಳಿಯ ಮೊತ್ತಮೊದಲ ಪ್ರಯೋಗವೇ 'ಎಲ್ಲ ಮರಿಗಳೂ ಹೊಂದುವುದಿಲ್ಲ' ಎಂಬುದನ್ನು ತೋರಿಸಿಕೊಟ್ಟಿತ್ತು. ಆದರೆ ಜಗತ್ತು ಅದರಿಂದ ಕಲಿತದ್ದು ಇದಕ್ಕೆ ನೇರ ವಿರುದ್ಧವಾದ ಪಾಠ!

ಅದು ಹೇಗಾಯಿತೆಂಬುದೂ ಸ್ವಾರಸ್ಯಕರ. ಉಳಿದ ಎರಡು ಮರಿಗಳನ್ನು ಸಾಕಲು ಯಾರೂ ಮುಂದೆ ಬರಲಿಲ್ಲ. ಸಂಸ್ಥೆಯ ಪಟ್ಟಿಯಲ್ಲಿ ಕಾದಿದ್ದವರಿಗೆಲ್ಲ ಶುದ್ಧ ತಳಿಯೇ ಬೇಕು. 'ಬೆರಕೆ ನಾಯಿ' ಯಾರಿಗೂ ಬೇಡ. ಆಗ ಕಾನ್ರನ್ ಅವರು ಇದಕ್ಕೆ 'ಲ್ಯಾಬ್ರಡೂಡಲ್' ಎಂದು ಹೆಸರಿಟ್ಟು ಪತ್ರಿಕೆ, ದೂರದರ್ಶನಗಳವರ ಗಮನ ಸೆಳೆಯುವಂತೆ ಮಾಡಿದರು. ಹೆಸರು ಬದಲಾದುದೇ ತಡ, ನಿನ್ನೆಯವರೆಗೆ ಬೇಡವಾಗಿದ್ದ ಮರಿಗೆ ಜನ ಮುಗಿಬಿದ್ದರು. ನಾಯಿ ಅದೇ, ಕೂದಲು ಅದೇ. ಬದಲಾದುದು ಹೆಸರು ಮಾತ್ರ. ಮುಂದೆ ಗೋಲ್ಡನ್‌ಡೂಡಲ್, ಕ್ಯಾವಪೂ ಎಂದು ಹೆಸರುಗಳ ಸಾಲೇ ಬೆಳೆಯಿತು. ಅಮೆರಿಕದಲ್ಲಿ ಕಾಕಪೂ ಎಂಬುದು ಇದಕ್ಕೂ ಹಿಂದಿನಿಂದಲೇ ಇತ್ತು. 2009ರಲ್ಲಿ ಅಮೆರಿಕದ ಅಧ್ಯಕ್ಷರಾದ ಒಬಾಮಾ ಅವರ ಮನೆಯಲ್ಲೂ ಮಗಳ ಅಲರ್ಜಿಯ ಕಾರಣ ಲ್ಯಾಬ್ರಡೂಡಲ್ ತರುವ ಮಾತು ನಡೆದು, ಕೊನೆಗೆ ಪೋರ್ಚುಗೀಸ್ ವಾಟರ್ ಡಾಗ್ ಬಂದಿತು. ಅಷ್ಟರಲ್ಲಿ ಈ ಹೆಸರು ಲೋಕಪ್ರಸಿದ್ಧವಾಗಿತ್ತು. 2019ರಲ್ಲಿ, ವೃದ್ಧಾಪ್ಯದಲ್ಲಿದ್ದ ಕಾನ್ರನ್ ಅವರು ಆಸ್ಟ್ರೇಲಿಯಾದ ಎಬಿಸಿ ವಾಹಿನಿಯೊಡನೆ ಮಾತನಾಡುತ್ತಾ, ಈ ಮಿಶ್ರಣವನ್ನು ಹುಟ್ಟುಹಾಕಿದ್ದಕ್ಕೆ ಪಶ್ಚಾತ್ತಾಪಪಡುವುದಾಗಿ ಹೇಳಿಕೊಂಡರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಹಣದಾಸೆಗೆ ಆರೋಗ್ಯವನ್ನೂ ನೋಡದೆ ಸಿಕ್ಕಸಿಕ್ಕ ನಾಯಿಗಳನ್ನು ಕೂಡಿಸುವವರು ಎಲ್ಲೆಡೆ ಹುಟ್ಟಿಕೊಂಡರೆಂಬುದು ಅವರ ನೋವು.

ಇನ್ನು ನನ್ನ ಮೆಂಡೆಲ್ ಚೌಕಟ್ಟಿನ ಕಥೆ. ನಾನು ಬರೆದುದರಲ್ಲಿ ಅರ್ಧ ಸರಿ ಇತ್ತು. ನಾಯಿಗಳ ಕೂದಲಿನ ವೈವಿಧ್ಯದ ಬಹುಪಾಲು ಮೂರೇ ವಂಶವಾಹಿಗಳಿಂದ ನಿರ್ಧಾರವಾಗುತ್ತದೆಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದರು. ಒಂದು ಕೂದಲಿನ ಉದ್ದಕ್ಕೆ, ಒಂದು ಗುಂಗುರಿಗೆ, ಇನ್ನೊಂದು ಮೀಸೆ ಹುಬ್ಬುಗಳ ಪೊದೆಗೂದಲಿಗೆ. ಈ ಮೀಸೆಯ ಗುಣ ಪ್ರಬಲ. ಇದಿರುವ ನಾಯಿಗಳ ಕೂದಲು ಸಾಮಾನ್ಯವಾಗಿ ಕಡಿಮೆ ಉದುರುತ್ತದೆ. ಆದರೆ ಎರಡು ಮಿಶ್ರತಳಿಗಳನ್ನೇ ಮತ್ತೆ ಕೂಡಿಸಿದರೆ? ನಾವು ಬಟಾಣಿಯಲ್ಲಿ ಓದಿದ ಮೂರಕ್ಕೆ ಒಂದರ ಲೆಕ್ಕ ನೆನಪಿದೆಯಲ್ಲ? ಸರಾಸರಿ ನಾಲ್ಕರಲ್ಲಿ ಒಂದು ಮರಿ ಮೀಸೆಯಿಲ್ಲದೆ ಲ್ಯಾಬ್ರಡಾರ್‌ನಂತೆಯೇ ಕೂದಲುದುರಿಸಬಹುದು. ಗುಂಗುರು, ಉದ್ದಗಳ ಲೆಕ್ಕ ಬೇರೆ. ಹೀಗಾಗಿ ಒಂದೇ ಸೂಲಿನಲ್ಲಿ ಕುರಿಯಂಥದ್ದೂ, ಅಲೆಗೂದಲಿನದ್ದೂ, ನೇರಗೂದಲಿನದ್ದೂ ಹುಟ್ಟಬಹುದು. ಹೆಸರು ಒಂದೇ, ನಾಯಿಗಳು ನಾನಾ ಬಗೆ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ನಾನು ಕೂದಲನ್ನೇ ಅಲರ್ಜಿ ಎಂದುಕೊಂಡುಬಿಟ್ಟಿದ್ದೆ. ಅಲರ್ಜಿಗೆ ಕಾರಣ ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರಗಳಲ್ಲಿರುವ ಕೆಲವು ಪ್ರೋಟೀನುಗಳು. ಅವುಗಳಲ್ಲಿ ಮುಖ್ಯವಾದುದಕ್ಕೆ 'ಕ್ಯಾನ್ ಎಫ್ 1' ಎಂದು ಹೆಸರು. ಜೊಲ್ಲಿಲ್ಲದ, ಚರ್ಮವಿಲ್ಲದ ನಾಯಿಯನ್ನು ಯಾರೂ ಇನ್ನೂ ಸೃಷ್ಟಿಸಿಲ್ಲ! 2012ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು 'ಅಲರ್ಜಿರಹಿತ' ಎನಿಸಿಕೊಂಡ ನಾಯಿಗಳನ್ನೂ ಇತರ ನಾಯಿಗಳನ್ನೂ ಹೋಲಿಸಿ ನೋಡಿದರು. ಲ್ಯಾಬ್ರಡೂಡಲ್, ಪೂಡಲ್‌ಗಳೂ ಅದರಲ್ಲಿದ್ದವು. ಅಲರ್ಜಿರಹಿತ ಎನ್ನಲಾದ ನಾಯಿಗಳ ಕೂದಲಿನಲ್ಲೇ ಈ ಪ್ರೋಟೀನು ಹೆಚ್ಚಾಗಿತ್ತು. ಲ್ಯಾಬ್ರಡೂಡಲ್ ಇದ್ದ ಮನೆಗಳ ನೆಲದ ಧೂಳಿನಲ್ಲಿ ಅದು ತುಸು ಕಡಿಮೆ ಇದ್ದುದು ನಿಜ. ಆದರೆ ಉಸಿರಾಡುವ ಗಾಳಿಯಲ್ಲಿ ವ್ಯತ್ಯಾಸವೇನೂ ಕಂಡುಬರಲಿಲ್ಲ. ಯಾವ ತಳಿಯನ್ನೂ ಅಲರ್ಜಿರಹಿತವೆನ್ನಲು ಆಧಾರವಿಲ್ಲವೆಂದು ಅವರು ತೀರ್ಮಾನಿಸಿದರು. ಹತ್ತು ವರ್ಷಗಳ ಹಿಂದೆಯೇ ಅಚ್ಚಾಗಿದ್ದ ಈ ವಿಷಯವನ್ನು ಅರ್ಧ ಗಂಟೆ ಹುಡುಕಿದ್ದರೆ ನಾನು ಓದಬಹುದಾಗಿತ್ತು.

ಇರಲಿ. ಮರಿ ಬಂದಿತು. ಕಂದು ಬಣ್ಣದ ಗಂಡು. ನಮ್ಮ ಮನೆಯ ಫಿಲ್ಟರ್ ಕಾಫಿಯ ಬಣ್ಣವೆಂದು ಮೊಮ್ಮಗಳು 'ಕಾಫಿ' ಎಂದೇ ಹೆಸರಿಟ್ಟಳು. ಅದರ ಬುದ್ಧಿಯನ್ನು ನೋಡಿ ನಾನು ಬೆರಗಾದೆ. ಪೂಡಲ್ ಎಂದರೆ ಶ್ರೀಮಂತರ ಮಡಿಲಿನ ಗೊಂಬೆಯೆಂದು ನಾವು ತಿಳಿಯುತ್ತೇವೆ. ಅದು ಮೂಲತಃ ಜರ್ಮನಿಯ ಕಡೆಯ ನೀರುನಾಯಿ. ಬೇಟೆಗಾರರು ಹೊಡೆದ ಬಾತುಕೋಳಿಯನ್ನು ಈಜಿ ತರುತ್ತಿತ್ತು. ಆ ವಿಚಿತ್ರ ಕ್ಷೌರವೂ ಈಜುವ ನಾಯಿಯ ಎದೆ, ಕೀಲುಗಳು ಬೆಚ್ಚಗಿರಲೆಂದು ಮಾಡಿದ್ದಂತೆ. ಲ್ಯಾಬ್ರಡಾರ್ ಕೂಡ ಮೀನುಗಾರರೊಡನೆ ನೀರಿನಲ್ಲಿ ದುಡಿದ ನಾಯಿ. ಇಬ್ಬರ ಮಗ ಸುಮ್ಮನೆ ಕುಳಿತಾನೇ? ಬಾಗಿಲು ತೆರೆಯುವುದನ್ನು ಕಾಫಿ ಎರಡು ದಿನದಲ್ಲಿ ಕಲಿಯಿತು. ನನ್ನ ಕನ್ನಡಕವನ್ನು ಎತ್ತಿಕೊಂಡು ಹೋಗಿ ಸೋಫಾದ ಹಿಂದೆ ಬಚ್ಚಿಡುವುದನ್ನು ಒಂದೇ ದಿನದಲ್ಲಿ ಕಲಿಯಿತು. ಕೂರು, ನಿಲ್ಲು, ಬಾ ಎಂಬ ಕನ್ನಡದ ಆಜ್ಞೆಗಳನ್ನು ನಾನು ಕಲಿಸಿದೆ. ಜೀವನದಲ್ಲಿ ಅಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ಕಂಡಿರಲಿಲ್ಲ. (ನೀವು ಯಾರೂ ಬೇಸರಪಡಬೇಡಿ!)

ಜೊತೆಗೆ ಆರೈಕೆ ಎಂದರೇನೆಂಬುದೂ ಅರಿವಾಯಿತು. 'ಕೂದಲು ಉದುರುವುದಿಲ್ಲ' ಎಂಬುದನ್ನು ಜನ ಅನುಕೂಲವೆಂದು ತಿಳಿಯುತ್ತಾರೆ. ಉದುರದ ಕೂದಲು ಎಲ್ಲಿ ಹೋಗುತ್ತದೆ? ಬೇರೆ ಕೂದಲಿಗೆ ಸಿಕ್ಕಿಕೊಂಡು ಅಲ್ಲಿಯೇ ಗಂಟಾಗುತ್ತದೆ. ಮೇಲ್ಗಡೆ ಬ್ರಷ್ ಆಡಿಸಿದರೆ ಸಾಲದು. ಒಂದೊಂದೇ ಪದರವನ್ನು ಬಿಡಿಸಿ, ಚರ್ಮ ಕಾಣುವವರೆಗೆ ಲೋಹದ ಬಾಚಣಿಗೆಯಿಂದ ಬಾಚಬೇಕು. ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು, ಕೊರಳಪಟ್ಟಿಯ ಕೆಳಗೆ ಗಂಟು ಬೇಗ ಕಟ್ಟುತ್ತದೆ. ನಾಲ್ಕು ದಿನ ಬಿಟ್ಟರೆ ಕಂಬಳಿಯಂತಾಗಿ ಚರ್ಮವನ್ನು ಎಳೆಯುತ್ತದೆ. ಅಡಿಯಲ್ಲಿ ತೇವ ನಿಂತು ಹುಣ್ಣಾಗುತ್ತದೆ. ಆಮೇಲೆ ಪೂರ್ತಿ ಬೋಳಿಸುವುದೊಂದೇ ದಾರಿ. ಸ್ನಾನಕ್ಕೆ ಮೊದಲೇ ಗಂಟು ಬಿಡಿಸಬೇಕು; ಒದ್ದೆಯಾದ ಗಂಟು ಇನ್ನಷ್ಟು ಬಿಗಿಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಜೋಲುಕಿವಿಯೊಳಗೆ ಗಾಳಿಯಾಡದೆ ಸೋಂಕು ತಗಲುವುದರಿಂದ ಪ್ರತಿ ಸ್ನಾನದ ಬಳಿಕ ಒರೆಸಿ ಒಣಗಿಸಬೇಕು. ದಿನಕ್ಕೆ ಒಂದು ಗಂಟೆಯಾದರೂ ಓಡಾಟ ಬೇಕು. ಬುದ್ಧಿಗೂ ಕೆಲಸ ಬೇಕು. ಇಲ್ಲದಿದ್ದರೆ ಚಪ್ಪಲಿ, ಪರದೆ, ಸೋಫಾಗಳೇ ಅದರ ಪಠ್ಯಪುಸ್ತಕ. ಮನೆಯವರೆಲ್ಲ ಹೊರಗೆ ಹೋಗಿ ಹತ್ತು ಗಂಟೆ ಒಂಟಿಯಾಗಿ ಬಿಟ್ಟರೆ ಅದು ಕೊರಗುತ್ತದೆ, ಊಳಿಡುತ್ತದೆ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಸಕ್ಕರೆರಹಿತ ಮಿಠಾಯಿಗಳಲ್ಲಿ ಹಾಕುವ ಜೈಲಿಟಾಲ್ – ಇವೆಲ್ಲ ನಾಯಿಗೆ ವಿಷ. ನನ್ನಾಕೆ ಪ್ರೀತಿಯಿಂದ ಒಂದು ತುಂಡು ದ್ರಾಕ್ಷಿಯ ಕೇಸರಿಬಾತನ್ನು ಅದರ ಮುಂದಿಟ್ಟಾಗ, ಎದುರುಮನೆಯ ಅಜ್ಜಿ ಓಡಿ ಬಂದು ಕಿತ್ತುಕೊಂಡರು! ನಿವೃತ್ತ ದಾದಿಯಾಗಿದ್ದ ಅವರು ಒಂಟಿಯಾಗಿದ್ದರು. ಹದಿಮೂರು ವರ್ಷ ಸಾಕಿದ ನಾಯಿಯನ್ನು ಹಿಂದಿನ ವರ್ಷ ಕಳೆದುಕೊಂಡಿದ್ದರು. ಮೇಲೆ ಹೇಳಿದ ಆರೈಕೆಯ ಪಾಠವನ್ನೆಲ್ಲ ನನಗೆ ಕಲಿಸಿದವರು ಅವರೇ.

ಮೊದಲ ಕೆಲವು ವಾರ ಅಳಿಯಂದಿರು ಸೀನುತ್ತಿದ್ದರು. "ಚಳಿಗಾಲ, ನೆಗಡಿ" ಎನ್ನುತ್ತಿದ್ದರು. ನಾನೂ ಹಾಗೆಯೇ ಎಂದೆ. ಮಗಳ ಸಂತೋಷ, ಮಗುವಿನ ಸಂತೋಷ, ನನ್ನ ವಿದ್ವತ್ತಿನ ಮರ್ಯಾದೆ, ಎಲ್ಲವೂ ಆ ನೆಗಡಿಯ ಹಿಂದೆ ಅಡಗಿ ಕುಳಿತಿದ್ದವು. ಕಿಟಕಿಗಳೆಲ್ಲ ಮುಚ್ಚಿ ಹೀಟರ್ ಉರಿಯುತ್ತಿದ್ದ ಮನೆ ಬೇರೆ. ಆಗಸ್ಟ್ ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಮಗಳು ನಮ್ಮ ಕೋಣೆಯ ಬಾಗಿಲು ಬಡಿದಳು. ಅಳಿಯಂದಿರು ಹಾಸಿಗೆಯ ಅಂಚಿನಲ್ಲಿ ಕುಳಿತು, ಎರಡೂ ಕೈಗಳನ್ನು ಊರಿ, ಉಸಿರಿಗಾಗಿ ಹೆಣಗುತ್ತಿದ್ದರು. ಅವರು ಮಾತನಾಡಲೂ ಆಗದೆ ನನ್ನ ಕಡೆ ಒಮ್ಮೆ ನೋಡಿದರು. ಅದರಲ್ಲಿ ದೂರು ಇರಲಿಲ್ಲ. ಆದರೂ ಆ ನೋಟ ನನಗೆ ಇಂದಿಗೂ ಮರೆಯದು. ಆಂಬುಲೆನ್ಸ್ ಬಂದಿತು, ಬೆಳಗಿನ ಹೊತ್ತಿಗೆ ಅವರು ಸುಧಾರಿಸಿಕೊಂಡರು.

ಬಳಿಕ ಅಲರ್ಜಿ ತಜ್ಞರು ಚರ್ಮದ ಪರೀಕ್ಷೆ ಮಾಡಿ ನಾಯಿಯ ಅಲರ್ಜಿ ಬಲವಾಗಿದೆಯೆಂದು ಹೇಳಿದರು. ಎರಡು ತಿಂಗಳು ಏನೆಲ್ಲ ಮಾಡಿದೆವು! ಮಲಗುವ ಕೋಣೆಗೆ ಕಾಫಿಯ ಪ್ರವೇಶ ನಿಷೇಧ, ಗಾಳಿ ಸೋಸುವ ಯಂತ್ರ, ವಾರಕ್ಕೆರಡು ಸ್ನಾನ, ನೆಲಹಾಸುಗಳನ್ನೆಲ್ಲ ತೆಗೆದದ್ದು. ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ, ಎದುರುಮನೆಯ ಅಜ್ಜಿ ತಾವಾಗಿಯೇ ಬಂದು ಕಾಫಿಯನ್ನು ತಾವು ಇಟ್ಟುಕೊಳ್ಳುವುದಾಗಿ ಹೇಳಿದರು. ಮೊಮ್ಮಗಳು ಅತ್ತಳು, ನಂತರ ನನ್ನ ಬಳಿ ಬಂದು, "ಅಜ್ಜ, ನೀವೇ ಹೇಳಿದ್ದಿರಲ್ಲ?" ಎಂದಳು. ಮೂವತ್ತೆರಡು ವರ್ಷಗಳಲ್ಲಿ ವಿದ್ಯಾರ್ಥಿಯೊಬ್ಬರ ಪ್ರಶ್ನೆಗೆ ನಾನು ಉತ್ತರವಿಲ್ಲದೆ ನಿಂತದ್ದು ಕಡಿಮೆ. "ನಾನು ತಪ್ಪು ಹೇಳಿದೆ, ಪುಟ್ಟಿ. ಪೂರ್ತಿ ತಿಳಿಯದೆ ಹೇಳಿದೆ" ಎಂದೆ.

ಕಾಫಿಗೆ ಒಳ್ಳೆಯ ಮನೆಯೇ ಸಿಕ್ಕಿತು. ಮೊಮ್ಮಗಳು ಇಂದಿಗೂ ಸಂಜೆ ಹೋಗಿ ಅದನ್ನು ಬಾಚಿ, ನಡೆದಾಡಿಸಿ, ಬಟ್ಟೆ ಬದಲಿಸಿಕೊಂಡು ಮನೆಯೊಳಗೆ ಬರುತ್ತಾಳೆ. ಆದರೆ ಎಲ್ಲ ನಾಯಿಗಳಿಗೂ ಎದುರುಮನೆಯಲ್ಲಿ ಅಂಥ ಅಜ್ಜಿ ಇರುವುದಿಲ್ಲ. ಅಳಿಯಂದಿರು ಅಂದು ರಾತ್ರಿ ಸುಧಾರಿಸಿಕೊಂಡರೆಂಬುದೂ ನನ್ನ ಪುಣ್ಯವೇ ಹೊರತು ಜಾಣತನವಲ್ಲ.

ಹಾಗಾದರೆ ಈ ನಾಯಿಯೇ ಕೆಟ್ಟದ್ದೆಂದು ನಾನು ಹೇಳುತ್ತಿದ್ದೇನೆಯೇ? ಖಂಡಿತ ಇಲ್ಲ. ಲ್ಯಾಬ್ರಡೂಡಲ್ ಪ್ರೀತಿಯ, ಬುದ್ಧಿವಂತ ನಾಯಿ. 'ನಮ್ಮ ಮನೆಯಲ್ಲಿ ಅಲರ್ಜಿಯವರಿದ್ದಾರೆ, ಏನೂ ಆಗಿಲ್ಲ' ಎನ್ನುವವರೂ ಸುಳ್ಳು ಹೇಳುತ್ತಿಲ್ಲ. ಆ ಮನುಷ್ಯನಿಗೆ ಆ ನಾಯಿ ಹೊಂದಿತು, ಹವಾಯಿಯಲ್ಲಿ ಸುಲ್ತಾನ್ ಹೊಂದಿದಂತೆ. ಅದರಿಂದ ಇನ್ನೊಬ್ಬರಿಗೆ ಇನ್ನೊಂದು ಹೊಂದುತ್ತದೆಂಬ ತೀರ್ಮಾನಕ್ಕೆ ಬರುವುದೇ ತಪ್ಪು. ಬೆರಕೆಯಾದುದರಿಂದ ಆರೋಗ್ಯ ಹೆಚ್ಚೆಂಬ ಮಾತೂ ಅಷ್ಟೇ. 2024ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂಗಳನ್ನು ಅವುಗಳ ತಾಯಿ ತಂದೆಯ ತಳಿಗಳೊಡನೆ 57 ಕಾಯಿಲೆಗಳ ವಿಷಯದಲ್ಲಿ ಹೋಲಿಸಿದರು. ಸುಮಾರು ಶೇಕಡಾ 87ರಷ್ಟು ಹೋಲಿಕೆಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಬೆರಕೆ ಎಂಬುದು ವರವೂ ಅಲ್ಲ, ಶಾಪವೂ ಅಲ್ಲ.

ಆದ್ದರಿಂದ ಆ ಹುಡುಗನಿಗೆ ನಾನು ಬರೆದುದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದಾಗಿ, ಮನೆಯಲ್ಲಿ ಉಬ್ಬಸ ಅಥವಾ ಅಲರ್ಜಿ ಇರುವವರಿದ್ದರೆ ಮಾರುವವರನ್ನೂ ನನ್ನಂಥ ಮೇಷ್ಟರನ್ನೂ ಕೇಳಬೇಡಿ, ವೈದ್ಯರನ್ನು ಕೇಳಿ. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಬೇಡವೆಂದು ಮಗುವಿಗೆ ಈಗ ಹೇಳುವುದು ಕಷ್ಟ. ಆದರೆ ತಂದ ನಾಯಿಯನ್ನು ಬೀಳ್ಕೊಡುವುದು ಅದಕ್ಕಿಂತ ಕಷ್ಟ. ಅವರು ನೋಡಬಹುದೆಂದರೆ, ತರಬೇಕೆಂದಿರುವ ಅದೇ ನಾಯಿಯೊಡನೆ ಹಲವು ದಿನ, ಹಲವು ಗಂಟೆ, ಮುಚ್ಚಿದ ಕೋಣೆಯಲ್ಲಿ ಕುಳಿತು ನೋಡಿ. ಇದಕ್ಕೆ ಬೆಳೆದ ನಾಯಿಯೇ ಮೇಲು. ಮರಿಯ ಕೂದಲು ದೊಡ್ಡದಾದಂತೆ ಬದಲಾಗುತ್ತದೆ. ಬೆಳೆದ ನಾಯಿಯಾದರೋ ತಾನು ಎಂಥದೆಂಬುದನ್ನು ಆಗಲೇ ತೋರಿಸಿರುತ್ತದೆ.

ಎರಡನೆಯದಾಗಿ, ಮರಿಯನ್ನೇ ತರುವುದಾದರೆ ಅದರ ತಾಯಿಯನ್ನು, ಅದಿರುವ ಜಾಗವನ್ನು ಕಣ್ಣಾರೆ ನೋಡಿ. ಸೊಂಟದ ಮೂಳೆಯ ಎಕ್ಸ್‌ರೇ, ಕಣ್ಣಿನ ಕಾಯಿಲೆಯ ವಂಶವಾಹಿ ಪರೀಕ್ಷೆಗಳ ಕಾಗದ ಕೇಳಿ. ಲ್ಯಾಬ್ರಡಾರ್, ಪೂಡಲ್ ಎರಡರಲ್ಲೂ ಈ ತೊಂದರೆಗಳುಂಟು. ನಮ್ಮ ದೇಶದ 2017ರ ನಿಯಮಗಳ ಪ್ರಕಾರ ನಾಯಿಮರಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು; ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ತೋರಿಸಲು ಹಿಂಜರಿಯುವವರ ಮನೆಯಿಂದ ಹಾಗೆಯೇ ಹಿಂದಿರುಗಿ.

ಮೂರನೆಯದಾಗಿ, ಬೆಲೆಯನ್ನು ರೂಪಾಯಿಯಲ್ಲಿ ಎಣಿಸಬೇಡಿ, ಗಂಟೆಗಳಲ್ಲಿ ಎಣಿಸಿ. ಬಾಚಲು ದಿನಕ್ಕೆ ಅರ್ಧ ಗಂಟೆ, ನಡೆದಾಡಿಸಲು ಒಂದು ಗಂಟೆ, ಹನ್ನೆರಡು ಹದಿನಾಲ್ಕು ವರ್ಷ. ನಮ್ಮಲ್ಲಾದರೆ ಮಳೆಗಾಲದ ತೇವ, ದಟ್ಟ ಕೂದಲಿನಲ್ಲಿ ಅಡಗುವ ಉಣುಗು, ಅದರಿಂದ ಬರುವ ಜ್ವರ, ವರ್ಷವರ್ಷದ ರೇಬಿಸ್ ಚುಚ್ಚುಮದ್ದು ಇವೂ ಸೇರುತ್ತವೆ. ಇಷ್ಟು ಸಮಯ ಯಾರದೆಂಬುದು ಮೊದಲೇ ತೀರ್ಮಾನವಾಗಲಿ. ಸಾಮಾನ್ಯವಾಗಿ ಹಟ ಮಾಡುವುದು ಮಗು, ಹಣ ಕೊಡುವುದು ಅಪ್ಪ. ಬಾಚುವುದು ಮಾತ್ರ ಅಮ್ಮ ಅಥವಾ ಅಜ್ಜಿ!

ಅಲರ್ಜಿಯ ಪ್ರಶ್ನೆಯೇ ಇಲ್ಲದ ಮನೆಯವರಿಗೆ ಇನ್ನೊಂದು ಮಾತು. ನಿಮ್ಮ ಬೀದಿಯಲ್ಲೇ, ಹತ್ತಿರದ ಪ್ರಾಣಿ ಆಶ್ರಯಗಳಲ್ಲೇ ಬೇಕಾದಷ್ಟು ಕರಿಯಂದಿರು ಕಾದಿದ್ದಾರೆ. ಗಿಡ್ಡ ಕೂದಲು, ಗಟ್ಟಿ ದೇಹ, ನಮ್ಮ ಹವೆಗೆ ಹೊಂದಿದ ಜೀವ. ಲ್ಯಾಬ್ರಡೂಡಲ್ ಆಗಲು ಅವುಗಳಿಗೆ ಕೊರತೆಯಾಗಿರುವುದು ಒಂದು ಚೆಂದದ ಹೆಸರು ಮಾತ್ರ. ಮೆಲ್ಬರ್ನ್‌ನ ಆ ಎರಡು ಮರಿಗಳಿಗೂ ಒಂದು ಕಾಲದಲ್ಲಿ ಇದ್ದ ಕೊರತೆ ಅದೇ.

ತರಗತಿಯಲ್ಲಿ ನಾನು ನಿಮಗೆ ಸಾವಿರ ಸಲ ಹೇಳಿದ್ದೇನೆ: ಸೂತ್ರವನ್ನು ಬಾಯಿಪಾಠ ಮಾಡಬೇಡಿ, ಪ್ರಯೋಗ ಮಾಡಿ ನೋಡಿ ಎಂದು. ಆ ಪಾಠವನ್ನು ಮರೆತವನು ನಾನೇ. ಆ ವಿದ್ಯಾರ್ಥಿ ನಿನ್ನೆ ಮತ್ತೆ ಬರೆದಿದ್ದಾನೆ. ಮರಿಗೆ ಮುಂಗಡ ಕೊಡುವುದನ್ನು ನಿಲ್ಲಿಸಿ, ಮಗನನ್ನು ಮುಂದಿನ ಸೋಮವಾರ ವೈದ್ಯರ ಬಳಿಗೆ ಕರೆದೊಯ್ಯುತ್ತಾನಂತೆ. "ಸರ್, ನೀವು ಹೂಂ ಎನ್ನುತ್ತೀರೆಂದುಕೊಂಡಿದ್ದೆ" ಎಂದೂ ಸೇರಿಸಿದ್ದಾನೆ.

ಒಮ್ಮೆ ಎಂದಿದ್ದೆನಪ್ಪಾ. ಅದು ಸಾಕು.